ಮೈ. ೩೦, ನಿ. ೧೫: ಮಧುಗಿರಿಯ ಹಲಗೆಯನ್ನು ನಂಬಿ ಕೆಟ್ಟವನ ಅರಿಕೆ

ದೂರ ಅಳೆಯುವ ಕಚೇರಿಯ ಮುಖ್ಯಾಧಿಕಾರಿಗಳವರಿಗೆ

ಮಾನ್ಯರೇ,

ಮಧುಗಿರಿ ಬೆಟ್ಟವನ್ನು ದಿನಕ್ಕೆ ಏಳು ಸಲ ಹತ್ತಿ ಇಳಿದು ಅದರ ನೆತ್ತಿಯನ್ನು ಎರಡು ಗೇಣು ಸವೆಸಿರುವ, ಓಡುವ ಜಿಂಕೆಯನ್ನು ನಡೆದುಕೊಂಡೇ ಹೋಗಿ ಕಿವಿ ಹಿಡಿದು ತಂದಿರುವ ಚಿಕ್ಕರಂಗಯ್ಯನೆಂಬ ನಾನು ಹತ್ತು ಜನರ ಎದುರಿಗೆ ಮಾಡಿಕೊಳ್ಳುವ ಅರಿಕೆ ಏನೆಂದರೆ, ತಮ್ಮ ಕಚೇರಿಯವರು ಮಧುಗಿರಿಯಲ್ಲಿ ಬಸ್ಸು ನಿಲ್ಲುವ ಆಲದ ಮರದ ಬುಡದಲ್ಲಿ ನೆಟ್ಟು ಹೋದ ಹಲಗೆಯನ್ನು ನಂಬಿ ನಾನು ಕೆಟ್ಟೆ. ನೂರು ರೂಪಾಯಿ ಹೋಯಿತು. ಒಂದು ಜೊತೆ ಎಕ್ಕಡ ಹೋಯಿತು. ಮೂರು ತಾಲ್ಲೂಕಿನಲ್ಲಿದ್ದ ಹೆಸರು ಹೋಯಿತು. ಇಷ್ಟಕ್ಕೂ ಕಾರಣ ತಮ್ಮ ಹಲಗೆಯ ಮೇಲಿನ ಒಂದು ಮಾತು, ಒಂದು ಅಕ್ಷರ.

ಇದನ್ನು ತಮಗೆ ಗುಟ್ಟಾಗಿಯೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರೆದೆ ಸ್ವಾಮಿ, ಎರಡು ಸಲ ಬರೆದೆ. ಮೊದಲನೆಯ ಅರ್ಜಿಗೆ ‘ತಲುಪಿದೆ’ ಎಂದು ಉತ್ತರ ಬಂತು. ಎರಡನೆಯದಕ್ಕೆ ‘ಮೊದಲನೆಯ ಉತ್ತರವನ್ನು ನೋಡಿಕೊಳ್ಳತಕ್ಕದ್ದು’ ಎಂದು ಬಂತು. ನೋಡಿಕೊಂಡೆ. ಹನ್ನೆರಡು ಸಲ ನೋಡಿಕೊಂಡರೂ ಅದರಲ್ಲಿ ‘ತಲುಪಿದೆ’ ಎಂದೇ ಇತ್ತು. ನನ್ನ ಅರ್ಜಿ ತಮ್ಮನ್ನು ತಲುಪಿದಷ್ಟು ಸಲೀಸಾಗಿ ನಾನು ಪಾವಗಡವನ್ನು ತಲುಪಿದ್ದರೆ ಈ ಮೂರನೆಯ ಕಾಗದದ ಅಗತ್ಯವೇ ಬೀಳುತ್ತಿರಲಿಲ್ಲ.

ಹಲಗೆಯ ಮೇಲೆ ಏನಿದೆ ಎಂಬುದು ತಮಗೆ ಮರೆತಿರಬಹುದು, ಬರೆಸಿದವರಿಗೆ ಮರೆವು ಹೆಚ್ಚು. ನನಗೆ ಮರೆಯುವುದಿಲ್ಲ. ಹಳದಿ ಬಣ್ಣದ ಮೇಲೆ ಕಪ್ಪಕ್ಷರ. ‘ಮಧುಗಿರಿಯಿಂದ ಪಾವಗಡಕ್ಕೆ. ರಸ್ತೆ: ಮೈ. ೩೮, ಗಂ. ೩. ವಾಯುಮಾರ್ಗ: ಮೈ. ೩೦, ನಿ. ೧೫.’ ಅದರ ಕೆಳಗೆ ಶಿರಾಕ್ಕೆ ಒಂದು ಸಾಲು, ಕೊರಟಗೆರೆಗೆ ಒಂದು ಸಾಲು. ಹಲಗೆ ನೆಟ್ಟ ದಿನ ಊರಿನಲ್ಲಿ ಓದು ಬಂದವರೆಲ್ಲ ಸೇರಿ ಓದಿದೆವು. ‘ಮೈ’ ಎಂದರೆ ಮೈಲಿ, ‘ಗಂ’ ಎಂದರೆ ಗಂಟೆ, ಅಲ್ಲಿಯವರೆಗೆ ತಕರಾರಿಲ್ಲ. ‘ನಿ’ ಎಂದರೇನು? ನಿಮಿಷ ಎಂದು ಒಬ್ಬ ಹೇಳಿದ. ಅವನನ್ನು ನಾನು ಅಲ್ಲೇ ಕೂರಿಸಿದೆ. ನಾನು ಓದಿದ್ದು ಕೂಲಿಮಠದಲ್ಲಿ, ಮರಳಿನ ಮೇಲೆ ಬೆರಳಿಟ್ಟು. ಆದರೆ ನಮ್ಮ ಐಗಳು ತ್ರೈರಾಶಿಯನ್ನು ಹುಣಸೆ ಬರಲಿನಿಂದ ಬೆನ್ನಿನ ಮೇಲೆ ಬರೆದಿದ್ದಾರೆ, ಅಳಿಸುವುದಿಲ್ಲ. ಮೂವತ್ತೆಂಟು ಮೈಲಿಗೆ ಮೂರು ಗಂಟೆಯಾದರೆ ಮೂವತ್ತು ಮೈಲಿಗೆ ಎಷ್ಟು? ಎರಡು ಗಂಟೆ ಇಪ್ಪತ್ತೆರಡು ನಿಮಿಷ, ಮೇಲೆ ಚೂರು. ಹದಿನೈದು ನಿಮಿಷ ಎಂದು ಯಾವ ಮಗ್ಗಿಯಲ್ಲಿದೆ? ಸರ್ಕಾರದ ಹಲಗೆ ಲೆಕ್ಕ ತಪ್ಪುವುದಿಲ್ಲ ಎಂಬ ಗೌರವದಿಂದ ನಾನು ತೀರ್ಮಾನಿಸಿದೆ: ‘ನಿ’ ಎಂದರೆ ನಿಲುಗಡೆ. ಮೂವತ್ತು ಮೈಲಿ, ಹದಿನೈದು ನಿಲುಗಡೆ. ಎರಡು ಮೈಲಿಗೊಮ್ಮೆ ನಿಂತು ಎಲೆ ಅಡಿಕೆ ಹಾಕಿಕೊಂಡರೆ ಸರಿಯಾಗಿ ಹದಿನೈದು. ದಾರಿ ನಡೆಯುವವನ ಬಾಯಿಚಪಲವನ್ನೂ ಎಣಿಸಿ ಹಲಗೆ ಬರೆಸಿದ್ದಾರಲ್ಲ ಎಂದು ತಮ್ಮ ಮೇಲೆ ನನಗೆ ಬಂದ ಪ್ರೀತಿ ಇಷ್ಟಿಷ್ಟಲ್ಲ.

ಇನ್ನು ವಾಯುಮಾರ್ಗ. ಊರಿನ ಬಡಗಣ ತುದಿಯಲ್ಲಿ ಆಂಜನೇಯನ ಗುಡಿ ಇದೆ. ಆಂಜನೇಯ ಯಾರ ಮಗ? ವಾಯುದೇವರ ಮಗ. ಗುಡಿಯ ಬೆನ್ನಿನಿಂದ ಒಂದು ಕಾಲುದಾರಿ ಬಡಗಕ್ಕೆ ಹೊರಡುತ್ತದೆ. ಪಾವಗಡ ಎಲ್ಲಿದೆ? ಬಡಗಕ್ಕೇ ಇದೆ. ಮಗನ ಗುಡಿಯ ಹಿಂದಿನ ದಾರಿಗೆ ಅಪ್ಪನ ಹೆಸರಿಟ್ಟಿದ್ದಾರೆ, ಸರ್ಕಾರಕ್ಕೆ ದೈವಭಕ್ತಿ ಬಂದಿದೆ ಎಂದು ನಾನು ಹೇಳಿದಾಗ ಆಲದ ಮರದಡಿ ಕೂತಿದ್ದ ಒಬ್ಬನಾದರೂ ಇಲ್ಲವೆನ್ನಲಿಲ್ಲ. ಅದು ವಿಮಾನದ ದಾರಿ ಎಂದು ತಾವು ಈಗ ಹೇಳುವಿರಿ. ಸರಿ. ಮಧುಗಿರಿಯಲ್ಲಿ ವಿಮಾನ ಎಲ್ಲಿ ನಿಲ್ಲುತ್ತದೆ, ಸಂತೆ ಮಾಳದಲ್ಲೋ? ಪಾವಗಡದಲ್ಲಿ ಯಾರ ಮಾಳಿಗೆಯ ಮೇಲೆ ಇಳಿಯುತ್ತದೆ? ಟಿಕೇಟು ಕೊಡುವವನು ಯಾರು, ಗರುಡನೋ? ಯುದ್ಧ ಶುರುವಾದ ಮೇಲೆ ನಮ್ಮ ತಲೆಯ ಮೇಲೆ ವಿಮಾನ ಹೋಗುವುದನ್ನು ನಾವೂ ಕಂಡಿದ್ದೇವೆ, ಒಂದಾದರೂ ‘ಪಾವಗಡ, ಪಾವಗಡ’ ಎಂದು ಕೂಗಿ ಜನ ಹತ್ತಿಸಿಕೊಂಡದ್ದು ಕಾಣೆ. ಇಲ್ಲದ ಬಂಡಿಗೆ ದಾರಿ ಎಷ್ಟೆಂದು ಹಲಗೆ ನೆಡುವುದಾದರೆ ಇಂದ್ರಲೋಕಕ್ಕೆ ಎಷ್ಟು ಮೈಲಿ ಎಂಬುದನ್ನು ಯಾಕೆ ಬಿಟ್ಟಿರಿ? ಅಲ್ಲಿಗೆ ಹೋಗುವವರು ನಮ್ಮಲ್ಲಿ ಹೆಚ್ಚು.

ಇಷ್ಟರಲ್ಲಿ ನನಗೊಂದು ಕಾರ್ಡು ಬಂತು. ನನ್ನ ತಂಗಿ ನರಸಮ್ಮನನ್ನು ಪಾವಗಡಕ್ಕೆ ಕೊಟ್ಟಿದೆ. ಮದುವೆಯಾಗಿ ಹನ್ನೊಂದು ವರ್ಷ ಅವಳ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಹೋದ ವರ್ಷ ಗಂಡು ಮಗು ಹುಟ್ಟಿತು. ಅವಳಿಗೆ ಓದು ಬರಹ ಇಲ್ಲ, ಅಲ್ಲಿನ ಮೇಷ್ಟರ ಕೈಯಲ್ಲಿ ಬರೆಸಿದ್ದಳು: ‘ಭಾನುವಾರ ಹಗಲು ಹನ್ನೊಂದು ಗಂಟೆಗೆ ಮಗುವಿಗೆ ಜವಳ. ಸೋದರಮಾವ ನೀನು ಬಂದು ತೊಡೆ ಕೊಟ್ಟು, ಮೊದಲ ಕೂದಲು ನೀನೇ ಕತ್ತರಿಸಬೇಕು. ಹನ್ನೊಂದು ವರ್ಷ ಕಾದಿದ್ದೇನೆ ಅಣ್ಣಯ್ಯ, ಕಾಯಿಸಬೇಡ.’ ಸೋದರಮಾವನ ತೊಡೆ ಎಂಬುದು ನಮ್ಮಲ್ಲಿ ಗದ್ದುಗೆ ಇದ್ದ ಹಾಗೆ. ಆ ಗದ್ದುಗೆಗೆ ಇನ್ನೊಬ್ಬ ಹಕ್ಕುದಾರನೂ ಇದ್ದ, ನನ್ನ ದೊಡ್ಡಪ್ಪನ ಮಗ ಕೆಂಪಯ್ಯ. ಅವನೂ ನರಸಮ್ಮನಿಗೆ ಅಣ್ಣನೇ. ಮುಹೂರ್ತಕ್ಕೆ ನಾನು ಇಲ್ಲದಿದ್ದರೆ ಅವನ ತೊಡೆಯೇ ತೊಡೆ. ತಮ್ಮ ಹಲಗೆಯಿಂದ ಏನು ಮುಳುಗಬಹುದಿತ್ತು ಎಂಬುದು ಈಗ ತಮಗೆ ತಿಳಿದಿರಬೇಕು.

ಭಾನುವಾರ ಬೆಳಗ್ಗೆ ಆರಕ್ಕೆ ಇದ್ದಲು ಗ್ಯಾಸಿನ ಬಸ್ಸು ಹೊರಟು ನಿಂತಿತ್ತು. ನನ್ನ ಹೆಂಡತಿ ಲಕ್ಕಮ್ಮ ಮಗುವಿನ ಬೆಳ್ಳಿ ಉಡಿದಾರ, ತೆಂಗಿನಕಾಯಿ, ಹೊಸ ಬಟ್ಟೆಯ ಗಂಟು ಸಮೇತ ಒಳಗೆ ಕೂತಿದ್ದಳು. ಕೆಂಪಯ್ಯ ಜಂಬದಿಂದ ಕಿಟಕಿಯ ಪಕ್ಕ ಕೂತಿದ್ದ. ನಾನು ಸೈಕಲ್ಲು ಹಿಡಿದು, ಹದಿನೈದು ನಿಲುಗಡೆಗೆ ಹದಿನೈದು ಜೊತೆ ಎಲೆ ಎಣಿಸಿ ಸಂಚಿಗೆ ಹಾಕಿಕೊಂಡು ಹೊರಗೆ ನಿಂತಿದ್ದೆ.

“ಹತ್ತಣ್ಣ, ಜಾಗ ಐತೆ,” ಎಂದ ಕೆಂಪಯ್ಯ.

“ನೀನು ಹೋಗಲಾ. ನಂದು ವಾಯುಮಾರ್ಗ. ಎಂಟು ಮೈಲಿ ಉಳೀತದೆ. ನಿಮ್ ಬಸ್ಸು ದಿಣ್ಣೆ ಕಂಡ್ಕಡೆ ಕೆಮ್ಕಂಡು ನಿಂತ್ಕತದೆ. ನಾನು ಹತ್ತು ಗಂಟೆಗೆ ಅಲ್ಲಿ ಕೂತು ತೊಡೆ ತಟ್ಕತಾ ಇರ್ತೀನಿ.”

“ವಾಯು ಅಂದ್ರೆ ಯಾವ್ದು ಅಂತ ನಂಗೊತ್ತು,” ಎಂದಳು ಲಕ್ಕಮ್ಮ ಒಳಗಿನಿಂದ, “ಹುರುಳಿಸಾರು ಉಂಡ ದಿನ ನಿಮ್ ಪಕ್ಕ ಮಲಗೋಳು ನಾನೇ ಅಲ್ವಾ. ಸುಮ್ನೆ ಹತ್ತಿ.”

ಬಸ್ಸಿಗೆ ಬಸ್ಸೇ ನಕ್ಕಿತು. ಆಮೇಲೆ ಹತ್ತುವುದು ಹೇಗೆ ಸ್ವಾಮಿ? ತಾವಾದರೂ ಹತ್ತುತ್ತಿದ್ದಿರೇ?

“ಕೆಂಪ, ಪಂಥ ಕಟ್ತೀಯೇನ್ಲಾ?” ಎಂದೆ. “ನಿನ್ ಬಸ್ಸು ಮುಂಚೆ ಮುಟ್ಟಿದ್ರೆ ನೂರು ರೂಪಾಯಿ ಬಿಸಾಕ್ತೀನಿ.”

“ನೂರು ರೂಪಾಯಿ ನೀನು ನೋಡಿದ್ದೀಯೇನಣ್ಣ?”

“ನೋಡಿದ್ದೀಯಾ ಅಂತ ಕೇಳ್ತೀಯಾ? ನೂರರ ನೋಟೇ ನನ್ನ ನೋಡೋಕೆ ಬರ್ತದೆ ಕಣ್ಲಾ.”

ಪಂಥದ ದುಡ್ಡು ಯಾರಾದರೂ ನಡುವಿನವರ ಕೈಯಲ್ಲಿರಬೇಕೆಂದು ಲಕ್ಕಮ್ಮನೇ ಇಬ್ಬರಿಂದಲೂ ಈಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಗಂಟಿನಲ್ಲಿ ಎಷ್ಟಿತ್ತು ಎಂಬುದು ಈ ಪತ್ರಕ್ಕೆ ಮುಖ್ಯವಲ್ಲ.

ಗುಡಿಯ ಹಿಂದಿನ ದಾರಿ ಮೊದಲ ಒಂಬತ್ತು ಮೈಲಿ ತಮ್ಮ ಮಾತನ್ನು ಉಳಿಸಿತು. ಹೊಲದ ಬದು, ಮರಳು ಹಳ್ಳ, ಕಡಲೆಕಾಯಿ ಕಿತ್ತ ಬಯಲು, ಎಲ್ಲ ಸರಿಯಾಗಿಯೇ ಇತ್ತು. ನಾಲ್ಕು ನಿಲುಗಡೆಯಾಗಿ ಐದನೆಯದನ್ನು ಹುಡುಕುವಷ್ಟರಲ್ಲಿ ದಾರಿ ಒಂದು ಬಂಡೆಯ ಬುಡಕ್ಕೆ ಬಂದು, ಮುಂದೆ ಹೋಗಲು ತನಗೆ ಅಪ್ಪಣೆ ಇಲ್ಲವೆಂಬಂತೆ ನಿಂತೇಬಿಟ್ಟಿತು. ಬಂಡೆಯ ಮೇಲೆ ಇನ್ನೊಂದು ಬಂಡೆ, ಅದರ ಮೇಲೆ ಗುಡ್ಡ. ತಮ್ಮ ವಾಯು ಅದರ ಮೇಲೆ ಹಾಯಾಗಿ ಹೋಗುತ್ತಿತ್ತು, ತಣ್ಣಗೆ ಮುಖಕ್ಕೆ ಬೀಸುತ್ತಿತ್ತು. ಹಿಂದಿರುಗಲೇ ಎಂದುಕೊಂಡೆ. ಬಸ್ಸಿನವರ ನಗು ಕಿವಿಯಲ್ಲಿತ್ತು. ಸೈಕಲ್ಲನ್ನು ಎತ್ತಿ ಹೆಗಲ ಮೇಲಿಟ್ಟೆ. ಅಲ್ಲಿಂದ ಮುಂದಿನ ಲೆಕ್ಕವನ್ನು ತಮ್ಮ ಕಚೇರಿಯ ಪುಸ್ತಕದಲ್ಲಿ ದಾಖಲು ಮಾಡಿಕೊಳ್ಳಬೇಕು: ನಾನು ಸೈಕಲ್ಲಿನ ಮೇಲೆ ಹೋದದ್ದು ಒಂಬತ್ತು ಮೈಲಿ, ಸೈಕಲ್ಲು ನನ್ನ ಮೇಲೆ ಹೋದದ್ದು ಹನ್ನೊಂದು ಮೈಲಿ. ಉಳಿದದ್ದನ್ನು ಇಬ್ಬರೂ ಅಕ್ಕಪಕ್ಕ ನಡೆದೆವು, ಏಕೆಂದರೆ ಆ ಹೊತ್ತಿಗೆ ಅದರ ಎರಡು ಚಕ್ರಕ್ಕೂ ಜಾಲಿ ಮುಳ್ಳು ಹೊಕ್ಕಿತ್ತು, ನನ್ನ ಎಕ್ಕಡದ ಉಂಗುಷ್ಠವೂ ಕಿತ್ತಿತ್ತು. ಎಲೆಗಳಂತೂ ಎರಡನೆಯ ಗುಡ್ಡಕ್ಕೇ ಮುಗಿದವು. ಹದಿನೈದು ನಿಲುಗಡೆ ಎಲ್ಲಿ, ನಾನು ನಿಂತದ್ದು ಎಲ್ಲಿ. ನಾನು ನಡೆದದ್ದನ್ನು ಎಣಿಸುವುದು ಸುಲಭವಿತ್ತು.

ಇದರ ನಡುವೆ ಇನ್ನೊಂದು ತಮಾಷೆ. ಪಾವಗಡ ನಮ್ಮ ಮಹಾರಾಜರದೇ ತಾಲ್ಲೂಕು, ಆದರೆ ಮಧುಗಿರಿಯಿಂದ ಅಲ್ಲಿಗೆ ಹೋಗಬೇಕಾದರೆ ಮಡಕಶಿರಾ ಸೀಮೆಯ ಇಂಗ್ಲಿಷರ ನೆಲ ದಾಟಬೇಕು. ಮೈಸೂರಿನಿಂದ ಹೊರಟು ಮದರಾಸು ಹೊಕ್ಕು ಮತ್ತೆ ಮೈಸೂರಿಗೇ ಬರಬೇಕು, ಅಡುಗೆಮನೆಯಿಂದ ಪಡಸಾಲೆಗೆ ಹೋಗಲು ಪಕ್ಕದ ಮನೆಯವರ ಬಾಗಿಲು ತಟ್ಟಿದ ಹಾಗೆ. ವಾಯುಮಾರ್ಗದಲ್ಲಿ ಈ ಗಡಿ ಎಲ್ಲಿ ಬರುತ್ತದೆ ಎಂದು ಹಲಗೆಯಲ್ಲಿ ಯಾಕಿಲ್ಲ? ಕಾಗೆಗಳು ಅಲ್ಲಿ ಇಳಿದು ಸುಂಕ ಕಟ್ಟುತ್ತವೆಯೇ? ನಾನು ಗಡಿಯನ್ನು ಯಾವಾಗ ದಾಟಿದೆನೋ ನನಗೆ ತಿಳಿಯದು. ತಿಳಿದದ್ದು ಸಂಜೆಯ ಹೊತ್ತಿಗೆ ಒಬ್ಬ ಮುದುಕ ಕುರಿ ಕಾಯುತ್ತಾ ಎದುರಾಗಿ ತೆಲುಗು ಬೆರೆಸಿ ಮಾತಾಡಿದಾಗ. ಅವನ ಹೆಸರು ಅಡವಯ್ಯ. ನನ್ನನ್ನೂ ಸೈಕಲ್ಲನ್ನೂ ಕೆಳಗಿನಿಂದ ಮೇಲಕ್ಕೆ ನೋಡಿದ, ಆಮೇಲೆ ಮೇಲಿನಿಂದ ಕೆಳಕ್ಕೆ.

“ದಾರಿ ಅಟು ಉಂದಿ ಕದಯ್ಯಾ,” ಎಂದು ದೂರದಲ್ಲಿ ಧೂಳೇಳುವ ರಸ್ತೆಯನ್ನು ಕೋಲಿನಿಂದ ತೋರಿಸಿದ. “ಬಂಡಿ ಹೊತ್ಕೊಂಡು ಕೊಂಡ ಹತ್ತೋದು ಯಾತಕ್ಕೆ? ಹರಕೆ ಏಮೈನಾ ಉಂದಾ?”

ಹರಕೆ ಅಲ್ಲ, ಸರ್ಕಾರದ ಹಲಗೆ ಎಂದು ಹೇಳಲು ನಾಚಿಕೆಯಾಯಿತು. “ಹೂಂ, ಹರಕೆ,” ಎಂದೆ. ತಮ್ಮ ಮಾನ ಉಳಿಸಲು ನಾನು ಆಡಿದ ಸುಳ್ಳು ಅದು, ಅದಕ್ಕೆ ಬೇರೆ ಲೆಕ್ಕವಿದೆ.

“ಏ ದೇವುಡಿಕಯ್ಯಾ?”

“ವಾಯುದೇವರಿಗೆ.”

“ಪಾಪಂ,” ಎಂದ. ಪಾವಗಡ ಇನ್ನೆಷ್ಟು ದೂರ ಎಂದು ಕೇಳಿದೆ. “ಆಮಡ” ಎಂದ. ಅವರ ಒಂದು ಆಮಡ ನಮ್ಮ ಸುಮಾರು ಮೂರು ಹರದಾರಿ. ಶಿರಾದ ಸಾಬರನ್ನು ಕೇಳಿದ್ದರೆ ಇದನ್ನೇ ಕೋಸಿನಲ್ಲಿ ಹೇಳುತ್ತಿದ್ದರು. ಆಮಡ, ಹರದಾರಿ, ಕೋಸು, ಮೂರು ಭಾಷೆಯಲ್ಲಿ ಮೂರು ಅಳತೆ. ಆದರೆ ಮೂರೂ ಕಾಲಿನಿಂದ ಹುಟ್ಟಿದವು, ಹೇಳಿದವನು ಒಮ್ಮೆಯಾದರೂ ನಡೆದೇ ಇರುತ್ತಾನೆ. ತಮ್ಮ ಮೂವತ್ತು ಮೈಲಿಯನ್ನು ನಡೆದವರು ಯಾರು? ನಕ್ಷೆಯ ಮೇಲೆ ಅಡಿಕೋಲು ಇಟ್ಟ ಗುಮಾಸ್ತನ ಬೆರಳು ನಡೆದಿರಬೇಕು, ಅದೂ ಊಟದ ಹೊತ್ತಿಗೆ ಮುಂಚೆ.

ಹೊತ್ತು ಮುಳುಗುತ್ತಿತ್ತು. ಹನ್ನೊಂದು ಗಂಟೆ ಎಂದೋ ಆಗಿ ಹೋಗಿತ್ತು. ಕೆಂಪನ ತೊಡೆಯ ಮೇಲೆ ಮಗು ಕೂತಾಯಿತು, ಕೂದಲು ಬಿದ್ದಾಯಿತು, ಹನ್ನೊಂದು ವರ್ಷ ಕಾದವಳು ಬಾಗಿಲ ಕಡೆ ನೋಡಿ ನೋಡಿ ಕಣ್ಣು ಒರೆಸಿಕೊಂಡಾಯಿತು ಎಂದು ಒಂದೊಂದೇ ಕಣ್ಣಿಗೆ ಕಟ್ಟಿತು. ರಾತ್ರಿ ಅಡವಯ್ಯನ ಕುರಿಹಟ್ಟಿಯಲ್ಲೇ ತಂಗಿ, ಅವನು ಕೊಟ್ಟ ಮುದ್ದೆಯನ್ನು ಅವನ ನಾಯಿಗೆ ಹಾಕಿದೆ. ಮಾನ್ಯರೇ, ನಾನು ಬಾಯಿಬಡುಕ ಎಂದು ಊರವರು ಹೇಳುತ್ತಾರೆ. ಆ ಕುರಿಹಟ್ಟಿಯಲ್ಲಿ ನಾನು ಒಂದು ಮಾತೂ ಆಡಲಿಲ್ಲ, ಬೇಕಾದರೆ ಅಡವಯ್ಯನನ್ನು ಕೇಳಿ.

ಬೆಳಗಾಗುತ್ತಲೇ ಹೊರಟೆ. ತಂಗಿಯ ಬಾಗಿಲಿಗೆ ಬಂದಾಗ ಸೋಮವಾರ ಹತ್ತೂ ಮುಕ್ಕಾಲು. ಕ್ಷಮಿಸು ಎನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಬಾಗಿಲಿಗೆ ಮಾವಿನ ತೋರಣ ಇನ್ನೂ ಹಸಿರಾಗಿತ್ತು. ಅಂಗಳದಲ್ಲಿ ಕ್ಷೌರದವನು ಕತ್ತಿಯನ್ನು ಸಾಣೆಗೆ ಉಜ್ಜುತ್ತಿದ್ದ. ಮಣೆಯ ಮೇಲೆ ಕೆಂಪಯ್ಯ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ತೊಡೆಯ ಮೇಲೆ ನನ್ನ ಸೋದರಳಿಯ. ಮಗುವಿನ ತಲೆಯ ತುಂಬ, ಕಿವಿ ಮುಚ್ಚುವಷ್ಟು ಉದ್ದಕ್ಕೆ, ಒಂದೂ ಕಳೆಯದೆ ಕೂದಲಿತ್ತು.

“ಇನ್ನಷ್ಟು ಮಸಿಯಪ್ಪ ಕತ್ತೀನ,” ಎನ್ನುತ್ತಿದ್ದಳು ನರಸಮ್ಮ ಕ್ಷೌರದವನಿಗೆ, “ಮಾವ ಬರ್ಲಿ.”

“ಅವ್ವಾ, ಇನ್ನೂ ಮಸೆದ್ರೆ ಹಿಡಿ ಒಂದೇ ಉಳ್ಯೋದು,” ಎಂದ ಅವನು.

ಆಗ ಅವಳು ನನ್ನನ್ನು ಕಂಡಳು. ನಾನು ಬಾಯಿಪಾಠ ಮಾಡಿದ್ದು ಮರೆತುಹೋಯಿತು. “ಭಾನುವಾರ ಅಲ್ವಾ ಕಣಮ್ಮ ಮುಹೂರ್ತ?” ಎಂದೆ.

“ಮುಹೂರ್ತ ಸೋಮವಾರವೇ ಕಣಣ್ಣಯ್ಯ, ಇವತ್ತೇ. ಕಾರ್ಡಲ್ಲಿ ಭಾನುವಾರ ಅಂತ ನಾನೇ ಬರೆಸ್ದೆ,” ಎಂದಳು. “ನಿನ್ ಮದುವೇಲಿ ಧಾರೆಗೇ ನೀನಿರ್ಲಿಲ್ಲ, ಕೆರೆ ಹತ್ರ ಯಾರಿಗೋ ಈಜು ತೋರಿಸ್ತಿದ್ದೆ. ದಾರಿ ಎಷ್ಟಾದ್ರೂ ಇರ್ಲಿ, ನೀನು ಬರೋ ದಾರಿಗೆ ಒಂದ್ ದಿನ ಸೇರಿಸ್ಲೇಬೇಕು ಅಂತ ನಂಗೆ ಗೊತ್ತಿಲ್ವಾ?”

ಮಾನ್ಯರೇ, ಸರಪಳಿ, ದುರ್ಬೀನು, ನಕ್ಷೆ, ನಾಲ್ಕು ಜನ ಜವಾನರು, ಇಷ್ಟಿದ್ದೂ ತಮ್ಮ ಕಚೇರಿಗೆ ಎಟುಕದ ಲೆಕ್ಕವನ್ನು ಅಕ್ಷರ ಬಾರದ ನನ್ನ ತಂಗಿ ಒಲೆಯ ಮುಂದೆ ಕೂತು ಹಾಕಿದ್ದಳು. ಬರೀ ಹಾಕಿದ್ದಲ್ಲ, ಹದಿನೈದು ನಿಮಿಷದ ಉಳಿತಾಯದೊಂದಿಗೆ ಹಾಕಿದ್ದಳು. ಹಲಗೆಯ ಹದಿನೈದು ‘ನಿ’ ನಿಜವಾಗಿ ಸಿಕ್ಕಿದ್ದು ನನಗೆ ಅಲ್ಲಿಯೇ.

ಕೆಂಪಯ್ಯ ಮೇಲೆದ್ದ. ಅವನೂ ಕಮ್ಮಿಯವನಲ್ಲ. “ಬಾರಣ್ಣ, ಜಾಗ ಬೆಚ್ಚಗೆ ಮಾಡಿಟ್ಟಿವ್ನಿ. ಕೂತ್ಕೊಳೋ ಮುಂಚೆ ಆ ನೂರು ರೂಪಾಯಿ ಗಂಟು ಬಿಚ್ಚಿಸು.” ಬಸ್ಸು ಅವನನ್ನು ಮುಟ್ಟಿಸಿದ್ದು ಭಾನುವಾರ ಸಂಜೆ ನಾಲ್ಕಕ್ಕಂತೆ. ತಮ್ಮ ‘ಗಂ. ೩’ ಹತ್ತು ಗಂಟೆಯಾಗಿತ್ತು. ಪ್ರತಿ ದಿಣ್ಣೆಯಲ್ಲೂ ಎಲ್ಲರೂ ಇಳಿದು ನೂಕಿದರಂತೆ, ಎರಡು ಸಲ ಇದ್ದಲು ಮುಗಿದು ಊರೊಳಗೆ ಬೇಡಿ ತಂದರಂತೆ. “ಬಸ್ಸು ನಮ್ಮನ್ನ ಕರ್ಕೊಂಡು ಬರ್ಲಿಲ್ಲ, ನಾವೇ ಅದನ್ನ ಕರ್ಕೊಂಡು ಬಂದ್ವಿ,” ಎಂದಳು ಲಕ್ಕಮ್ಮ. ಹೇಗಾದರೂ ಬಸ್ಸು ನನಗಿಂತ ಮುಂಚೆ ಮುಟ್ಟಿತ್ತು. ಪಂಥ ಸೋತೆ.

ನಾನು ಮಣೆಯ ಮೇಲೆ ಕೂತೆ. ಮಗುವನ್ನು ತೊಡೆಗೆ ಕೊಟ್ಟರು. ಅದು ನನ್ನ ಮುಖ ನೋಡಿ ಕಿಟಾರನೆ ಕಿರುಚಿತು, ತಪ್ಪೇನಿಲ್ಲ. ಮಧುಗಿರಿಯಿಂದ ಪಾವಗಡದವರೆಗಿನ ಒಂದೊಂದು ಪೊದೆಯನ್ನೂ ಜಾಲಿ ಮುಳ್ಳು ಅಲ್ಲಿ ಗೀಚಿತ್ತು. ತಮ್ಮ ಕಚೇರಿಯಲ್ಲಿರುವುದಕ್ಕಿಂತ ಸರಿಯಾದ ನಕ್ಷೆ ಅದು. ಮೊದಲ ಕೂದಲನ್ನು ನಾನೇ ಕತ್ತರಿಸಿದೆ. ನಾನು ಸೊಟ್ಟಗೆ ಕತ್ತರಿಸಿದೆನೆಂದು ಕೆಂಪಯ್ಯ ಹೇಳಿಕೊಂಡು ತಿರುಗುತ್ತಿದ್ದಾನೆ, ಅದು ಸೈಕಲ್ಲು ಹೊತ್ತ ಕೈ.

ಈಗ ನನ್ನ ಬೇಡಿಕೆ. ವಾಯುಮಾರ್ಗದ ಸಾಲನ್ನು ಅಳಿಸಿ, ಅಳಿಸಲು ಮನಸ್ಸಿಲ್ಲವಾದರೆ ಪಕ್ಕದಲ್ಲಿ ‘ರೆಕ್ಕೆ ಇದ್ದವರಿಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆಸಿ. ‘ನಿ’ ಎಂಬುದನ್ನು ಪೂರ್ತಿ ಬರೆಯಲು ಬಣ್ಣ ಸಾಲದಿದ್ದರೆ ನಾನು ಕೊಡಿಸುತ್ತೇನೆ. ರಸ್ತೆಯ ಗಂಟೆಯನ್ನು ಬರೆಯುವಾಗ ನೂಕುವ ಹೊತ್ತನ್ನೂ ಸೇರಿಸಿ. ಇದಾವುದೂ ಆಗದಿದ್ದರೆ ನನ್ನ ತಂಗಿಯನ್ನು ತಮ್ಮ ಕಚೇರಿಗೆ ಸಲಹೆಗೆ ಕರೆಸಿಕೊಳ್ಳಿ, ಆದರೆ ಬರಬೇಕಾದ ದಿನವನ್ನು ನನ್ನ ಕೈಯಲ್ಲಿ ಹೇಳಿ ಕಳಿಸಬೇಡಿ. ಕೊನೆಯದಾಗಿ ನನ್ನ ನಷ್ಟ. ಪಂಥದ ನೂರು ರೂಪಾಯಿ, ಎಕ್ಕಡ, ಎರಡು ಚಕ್ರ, ವಾಯುದೇವರ ಹೆಸರಿನಲ್ಲಿ ಆಡಿದ ಸುಳ್ಳು, ಎಲ್ಲ ಸೇರಿ ಇನ್ನೂರು ರೂಪಾಯಿಯನ್ನು ಮನಿಯಾರ್ಡರು ಮಾಡಬೇಕು.

ಇಲ್ಲಿಗೆ ಮುಗಿಸಿ ಸಹಿ ಹಾಕುವವನಿದ್ದೆ. ನಷ್ಟದ ಬಾಬ್ತಿಗೆ ಒಬ್ಬ ಸಾಕ್ಷಿಯ ಹೆಬ್ಬೆಟ್ಟು ಇರಬೇಕೆಂದು ತಿಳಿದವರು ಹೇಳಿದರು. ಪಂಥದ ಹಣಕ್ಕೆ ಸಾಕ್ಷಿ ಒಬ್ಬಳೇ, ಸೆರಗಿನಲ್ಲಿ ಗಂಟು ಹಾಕಿಕೊಂಡವಳು. ಪತ್ರವನ್ನು ಪೂರ್ತಿ ಓದಿ ಹೇಳಿದೆ. ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು, ಬೆರಳನ್ನು ಕಾಗದದ ಮೇಲೆ ಒಂದು ಅಂಗುಲ ಎತ್ತರದಲ್ಲಿ ಹಿಡಿದುಕೊಂಡು ಕೂತಿದ್ದಾಳೆ.

“ಎಲ್ಲಾ ಚೆನ್ನಾಗೈತೆ,” ಎನ್ನುತ್ತಾಳೆ. “ನನ್ ಸೆರಗಲ್ಲಿ ನೀವು ಹಾಕಿದ್ದೆಷ್ಟು ಅಂತ ಬರೀರಿ, ಒತ್ತುತೀನಿ.”

ಮಸಿ ಒಣಗುತ್ತಿದೆ. ಆದ್ದರಿಂದ ಮೇಲೆ ನೂರು ಎಂದಿರುವಲ್ಲೆಲ್ಲ ಕೆಳಗಿನಂತೆ ತಿದ್ದಿ ಓದಿಕೊಳ್ಳಬೇಕಾಗಿ ಬೇಡುವ,

ಇಂತಿ,
ತಮ್ಮ ಹಲಗೆಯನ್ನು ನಂಬಿ ಸೈಕಲ್ಲು ಹೊತ್ತ,
ತಂಗಿಯ ದಯೆಯಿಂದ ತೊಡೆ ಉಳಿಸಿಕೊಂಡ,
ಮೂರಾಣೆ ಸೋತ
ಚಿಕ್ಕರಂಗಯ್ಯ

ಮಧುಗಿರಿ, ತಾರಣ ಸಂವತ್ಸರದ ಕಾರ್ತಿಕ ಮಾಸ